ಅಜ್ಜಾ, ವಿಮಾನ ಯಾಕ ಬೀಳೂದಿಲ್ಲ?



ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ತಂಗಿಯ ಮೊಮ್ಮಗಳು ಊರಿಗೆ ಬಂದಿದ್ದಳು. ಹತ್ತು ವರ್ಷದ ಕೂಸು. ಒಂದು ಸಂಜೆ ನಾವಿಬ್ಬರೂ ಮಾಳಿಗೆಯ ಮೇಲೆ ಕುಳಿತಿದ್ದಾಗ ಬಹು ಎತ್ತರದಲ್ಲಿ ವಿಮಾನವೊಂದು ಬೆಳ್ಳನೆಯ ಗೆರೆಯನ್ನೆಳೆಯುತ್ತ ಸಾಗಿತು. ಅದು ಕಣ್ಮರೆಯಾಗುವವರೆಗೂ ನೋಡಿದ ಮಗು, "ಅಜ್ಜಾ, ಅಷ್ಟು ವಜ್ಜಿ ಇರೋ ವಿಮಾನ ಕೆಳಗ ಯಾಕ ಬೀಳೂದಿಲ್ಲ?" ಎಂದು ಕೇಳಿತು. "ಅದಕ್ಕ ಇಂಜಿನ್ ಐತೆವ್ವಾ, ಅದರ ಬಲದಿಂದ ನಿಂತಿರತೈತಿ" ಎಂದೆ. "ಹಂಗಾದ್ರ ಹದ್ದಿಗೆ ಇಂಜಿನ್ ಎಲ್ಲೈತಿ? ಅದು ರೆಕ್ಕಿ ಬಡೀದನ ತೇಲತೈತಲ್ಲ?" ಎಂದು ಅವಳು ಮರುಪ್ರಶ್ನೆ ಹಾಕಿದಳು. ನನಗೆ ಉತ್ತರ ಹೊಳೆಯಲಿಲ್ಲ. "ದೊಡ್ಡವರಿಗೆ ಎದುರುಮಾತು ಆಡಬಾರದು, ಹೋಗಿ ಕೈಕಾಲು ತೊಳಕೋ" ಎಂದುಬಿಟ್ಟೆ. ಮಗು ತಲೆ ತಗ್ಗಿಸಿ ಕೆಳಗಿಳಿಯಿತು. ಅನಂತರ ಎರಡು ದಿನ ಅದು ನನ್ನನ್ನು ಏನನ್ನೂ ಕೇಳಲಿಲ್ಲ.

ಆ ಎರಡು ದಿನಗಳ ಮೌನ ನನ್ನನ್ನು ಬಹಳ ಬಾಧಿಸಿತು. ಮಠದಲ್ಲಿ ಗುರುಗಳ ಪಾದದ ಬಳಿ ಕುಳಿತು ತರ್ಕಶಾಸ್ತ್ರವನ್ನು ಓದಿದವನು ನಾನು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆಯೆಂದು ಊಹಿಸುವ ಪಾಠದಿಂದ ನಮ್ಮ ಓದು ಮೊದಲಾಗುತ್ತಿತ್ತು. ಒಂದು ಹೇತು ಎಲ್ಲ ಕಡೆಗೂ ಸಲ್ಲದಿದ್ದರೆ ಅದು ದೋಷಯುಕ್ತ ಹೇತು ಎಂದು ಗುರುಗಳು ಬೋಧಿಸಿದ್ದರು. ಮಗು ಮಾಡಿದ್ದು ಅದನ್ನೇ. ಇಂಜಿನ್ನೇ ಕಾರಣವೆಂಬ ನನ್ನ ಹೇತುವಿನ ಎದುರಿಗೆ ಅದು ಹದ್ದನ್ನು ತಂದು ನಿಲ್ಲಿಸಿತು. ವಾದದಲ್ಲಿ ಗೆದ್ದವಳು ಅವಳು. ಗದರಿಕೆಗೆ ಗುರಿಯಾದವಳೂ ಅವಳೇ. "ನನಗ ಗೊತ್ತಿಲ್ಲವ್ವಾ" ಎಂಬ ಒಂದು ಮಾತು ನನ್ನ ಬಾಯಿಂದ ಬಂದಿದ್ದರೆ ಆ ದಿನ ಏನೂ ಕೆಡುತ್ತಿರಲಿಲ್ಲ.

ಮೂರನೆಯ ದಿನ ನಾನೇ ಅವಳನ್ನು ಕರೆದು, ನಾನು ಹೇಳಿದ್ದು ತಪ್ಪೆಂದು ಒಪ್ಪಿಕೊಂಡೆ. ಬೆಂಗಳೂರಿಗೆ ಹೋದಾಗ ಇದನ್ನು ಬಲ್ಲವರಿಂದಲೇ ತಿಳಿಯೋಣವೆಂದೆ. ನಾವು ಪ್ರತಿವರ್ಷ ಜಾತ್ರೆಗೆ ಹೋಗುತ್ತೇವೆ, ಕ್ಷೇತ್ರದರ್ಶನ ಮಾಡುತ್ತೇವೆ, ಮೈಸೂರಿನ ಅರಮನೆ, ಮೃಗಾಲಯಗಳನ್ನು ನೋಡಿ ಬರುತ್ತೇವೆ. ಅವೆಲ್ಲವೂ ಆಗಲಿ. ಆದರೆ ಅದೇ ದಾರಿಯಲ್ಲಿರುವ ವಿಜ್ಞಾನ ಸಂಗ್ರಹಾಲಯಗಳನ್ನು ಮಾತ್ರ ಬಸ್ಸಿನಿಂದಲೇ ಕಂಡು ಮುಂದೆ ಸಾಗುತ್ತೇವೆ. ಆ ಪ್ರಶ್ನೆಯ ನೆಪದಿಂದ ನಾನು ನೋಡಿದ ಕೆಲವು ಸ್ಥಳಗಳನ್ನೂ, ಓದಿ ತಿಳಿದ ಒಂದು ದೂರದ ಸ್ಥಳವನ್ನೂ ಈ ತಿಂಗಳ ಅಂಕಣದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಕಬ್ಬನ್ ಉದ್ಯಾನದ ಅಂಚಿನಲ್ಲಿ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯವು ನಾಡಿಗೆ ಚಿರಪರಿಚಿತವಾದುದು. ಸರ್ ಎಂ. ವಿಶ್ವೇಶ್ವರಯ್ಯನವರು 1962ರ ಏಪ್ರಿಲ್ 14ರಂದು ಕಾಲವಾದರು. ಅದೇ ವರ್ಷದ ಜುಲೈ 14ರಂದು ಪ್ರಧಾನಿ ಜವಾಹರಲಾಲ್ ನೆಹರು ಅವರು ಈ ಕಟ್ಟಡವನ್ನು ಉದ್ಘಾಟಿಸಿದರು. 1965ರ ಜುಲೈನಲ್ಲಿ ವಿದ್ಯುತ್ತನ್ನು ಕುರಿತ ಮೊದಲ ವಿಭಾಗವು ಸಾರ್ವಜನಿಕರಿಗೆ ತೆರೆಯಿತು. ಇಲ್ಲಿನ ಸೊಗಸೆಂದರೆ, ಗಾಜಿನ ಪೆಟ್ಟಿಗೆಯೊಳಗಿನ ವಸ್ತುವನ್ನು ದೂರದಿಂದ ಕಂಡು ಕೈಮುಗಿದು ಬರುವ ಪದ್ಧತಿ ಇಲ್ಲಿಲ್ಲ. ಗುಂಡಿ ಒತ್ತಬಹುದು, ಚಕ್ರ ತಿರುಗಿಸಬಹುದು, ಹಗ್ಗ ಎಳೆದು ನೋಡಬಹುದು. ಇಂಜಿನ್ನುಗಳ ವಿಭಾಗದಲ್ಲಿ ಯಂತ್ರಗಳ ಒಡಲು ಹೇಗಿರುತ್ತದೆ, ಯಾವ ಭಾಗ ಚಲಿಸಿದರೆ ಯಾವುದು ತಿರುಗುತ್ತದೆ ಎಂಬುದನ್ನು ಕಣ್ಣಾರೆ ಕಾಣಬಹುದು.

ನಾವು ಹುಡುಕಿಕೊಂಡು ಹೋದದ್ದು ರೈಟ್ ಸಹೋದರರ ವಿಮಾನದ ಪ್ರತಿಕೃತಿಯನ್ನು. ಮೂಲ ವಿಮಾನದ ಅಳತೆಯಲ್ಲಿಯೇ ನಿರ್ಮಿಸಿದ ಮಾದರಿ ಅದು. ಕಟ್ಟಿಗೆಯ ಚೌಕಟ್ಟು, ಬಟ್ಟೆ ಹೊದಿಸಿದ ಎರಡು ಅಂತಸ್ತಿನ ರೆಕ್ಕೆ, ತಂತಿಗಳ ಬಿಗಿತ. ಚಾಲಕನು ಕೂಡುವ ಆಸನವೂ ಇಲ್ಲ. ಬೋರಲಾಗಿ ಮಲಗಿ ನಡೆಸಬೇಕಾದ ವಾಹನ. ನೋಡಿದರೆ ಹಂದರವೊಂದು ಗಾಳಿಗೆ ಹಾರಲು ಸಿದ್ಧವಾಗಿ ನಿಂತಂತಿದೆ. ಆರ್ವಿಲ್ ಮತ್ತು ವಿಲ್ಬರ್ ಅವರು ಅಮೆರಿಕೆಯ ಡೇಟನ್ ಪಟ್ಟಣದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದರು. ಇಬ್ಬರೂ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲ. 1901ರಲ್ಲಿ ಅವರು ಕಟ್ಟಿದ ಇಂಜಿನ್ ಇಲ್ಲದ ತೇಲುವಿಮಾನವು ಅವರ ಲೆಕ್ಕಕ್ಕಿಂತ ಬಹಳ ಕಡಿಮೆ ಭಾರವನ್ನು ಎತ್ತಿತು. ಬೇರೆಯವರು ಪ್ರಕಟಿಸಿದ್ದ ಅಂಕಿಗಳನ್ನು ನಂಬಿ ಅವರು ರೆಕ್ಕೆಗಳನ್ನು ರೂಪಿಸಿದ್ದರು. ಅಂಕಿಗಳಲ್ಲಿಯೇ ದೋಷವಿರಬಹುದೆಂಬ ಸಂಶಯ ಮೂಡಿದೊಡನೆ ಅಂಗಡಿಯಲ್ಲಿಯೇ ಒಂದು ಕಟ್ಟಿಗೆಯ ಪೆಟ್ಟಿಗೆಯನ್ನು ಮಾಡಿ, ಅದರೊಳಗೆ ಗಾಳಿಯನ್ನು ಹಾಯಿಸಿ, ಸುಮಾರು ಇನ್ನೂರು ಪುಟ್ಟ ರೆಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಆ ಪರೀಕ್ಷೆಯ ಫಲವೇ 1903ರ ಡಿಸೆಂಬರ್ 17ರ ಹಾರಾಟ. ಮೊದಲ ಸಲ 12 ಸೆಕೆಂಡು, 120 ಅಡಿ. ಅದೇ ದಿನದ ನಾಲ್ಕನೆಯ ಸಲ 59 ಸೆಕೆಂಡು, 852 ಅಡಿ. ಅನಂತರ ನೆಲದ ಮೇಲೆ ನಿಂತಿದ್ದ ವಿಮಾನವನ್ನು ಗಾಳಿ ಉರುಳಿಸಿ ಮುರಿಯಿತು. ಅದು ಮತ್ತೆಂದೂ ಹಾರಲಿಲ್ಲ.

ಅಲ್ಲಿದ್ದ ಮಾರ್ಗದರ್ಶಕ ತರುಣಿಯ ಮುಂದೆ ನಮ್ಮ ಕೂಸು ತನ್ನ ಪ್ರಶ್ನೆಯನ್ನಿಟ್ಟಿತು. ಆಕೆ ಬಹು ಸರಳವಾಗಿ ತಿಳಿಸಿದರು. ವಿಮಾನವನ್ನು ಮೇಲೆ ಹಿಡಿದಿರುವುದು ರೆಕ್ಕೆ. ಇಂಜಿನ್ನು ಅದನ್ನು ಮುಂದಕ್ಕೆ ನೂಕುತ್ತದೆ. ಮುಂದಕ್ಕೆ ಸಾಗಿದಾಗ ರೆಕ್ಕೆಯ ಮೇಲೂ ಕೆಳಗೂ ಗಾಳಿ ಹರಿಯುತ್ತದೆ. ರೆಕ್ಕೆಯ ಬಾಗು ಮತ್ತು ಓರೆ ಆ ಗಾಳಿಯನ್ನು ಕೆಳಮುಖವಾಗಿ ತಿರುಗಿಸುತ್ತವೆ. ರೆಕ್ಕೆ ಗಾಳಿಯನ್ನು ಕೆಳಗೆ ಒತ್ತಿದಷ್ಟೇ ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ಇಂಜಿನ್ನು ನಿಂತರೂ ವಿಮಾನವು ಕಲ್ಲಿನಂತೆ ಬೀಳದೆ, ಇಳಿಜಾರಿನಲ್ಲಿ ಜಾರಿದಂತೆ ಮೆಲ್ಲಗೆ ಇಳಿಯುತ್ತ ಮುಂದೆ ಸಾಗುತ್ತದೆ. ಇನ್ನು ಹದ್ದು: ಬಿಸಿಲಿಗೆ ಕಾದ ನೆಲದಿಂದ ಬೆಚ್ಚನೆಯ ಗಾಳಿ ಮೇಲೇಳುತ್ತಿರುತ್ತದೆ. ಹದ್ದು ಅಂಥ ಗಾಳಿಯನ್ನು ಹುಡುಕಿ, ಅದರಲ್ಲಿ ಸುತ್ತುತ್ತ ರೆಕ್ಕೆ ಬಡಿಯದೆ ಮೇಲೇರುತ್ತದೆ.

ಊರಿಗೆ ಮರಳಿದ ಮೇಲೆ ನಾವು ಇದನ್ನು ಮಾಳಿಗೆಯ ಮೇಲೆ ಪರೀಕ್ಷಿಸಿದೆವು. ಗಾಳಿ ಬೀಸುವಾಗ ಮೊರವನ್ನು ಎರಡೂ ಕೈಯಿಂದ ಅಡ್ಡಲಾಗಿ ಹಿಡಿದು, ಗಾಳಿಯೆಡೆಗಿನ ಅಂಚನ್ನು ತುಸು ಎತ್ತಿದರೆ ಮೊರ ತಾನೇ ಮೇಲಕ್ಕೆ ಏಳಲು ಹವಣಿಸುತ್ತದೆ. ಹೆಚ್ಚು ಎತ್ತಿದರೆ ಏಳುವುದು ಬಿಟ್ಟು ಹಿಂದಕ್ಕೆ ತಳ್ಳುತ್ತದೆ. ರಾಶಿ ತೂರುವ ನಮ್ಮ ತಾಯಂದಿರ ಕೈಗೆ ಎಂದಿನಿಂದಲೂ ತಿಳಿದಿದ್ದ ಈ ಒತ್ತಡವನ್ನು ನಾನು ಅರವತ್ತು ದಾಟಿದ ಮೇಲೆ ಮೊದಲ ಸಲ ಗಮನಿಸಿದೆ.

ಮಾರುತನ ಮುಂದೆ

ವಿಶ್ವೇಶ್ವರಯ್ಯ ಸಂಗ್ರಹಾಲಯದ ಹೊರಗೆ ಮಾರುತ್ ಎಂಬ ಯುದ್ಧವಿಮಾನವೊಂದನ್ನು ನಿಲ್ಲಿಸಿದ್ದಾರೆ. ಅದರ ಪೂರ್ಣ ಕಥೆಯನ್ನು ಅರಿಯಬೇಕೆನ್ನುವವರು ಹಳೆಯ ವಿಮಾನ ನಿಲ್ದಾಣದ ರಸ್ತೆಗೆ ಹೋಗಬೇಕು. ಅಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು 2001ರಲ್ಲಿ ತೆರೆದ ಪರಂಪರಾ ಕೇಂದ್ರ ಮತ್ತು ವೈಮಾನಿಕ ಸಂಗ್ರಹಾಲಯವಿದೆ. ಒಳಗೆ ಪ್ರತಿ ದಶಕದ ಛಾಯಾಚಿತ್ರಗಳು, ಸೀಳಿ ತೋರಿಸಿದ ವಿಮಾನ ಇಂಜಿನ್ನುಗಳು. ಹೊರಗೆ ಮರಗಳ ನೆರಳಿನಲ್ಲಿ ಸಾಲಾಗಿ ನಿಂತ ವಿಮಾನಗಳು.

ಈ ಸಂಸ್ಥೆಯ ಮೂಲ ನಮ್ಮ ನೆಲದಲ್ಲಿಯೇ ಇದೆ. ಉದ್ಯಮಿ ವಾಲ್‌ಚಂದ್ ಹೀರಾಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಸಹಭಾಗಿತ್ವದೊಡನೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಸ್ವಾತಂತ್ರ್ಯ ಬಂದ ನಾಲ್ಕೇ ವರ್ಷಗಳಲ್ಲಿ, 1951ರಲ್ಲಿ, ಡಾ. ವಿ. ಎಂ. ಘಾಟಗೆಯವರ ತಂಡವು ರೂಪಿಸಿದ ಎಚ್.ಟಿ.-2 ಎಂಬ ತರಬೇತಿ ವಿಮಾನವು ಹಾರಿತು. ಎರಡೇ ಆಸನಗಳ ಪುಟ್ಟ ವಿಮಾನ. ನಮ್ಮ ಎಷ್ಟೋ ಮಂದಿ ವಾಯುಪಡೆಯ ಚಾಲಕರು ಇದರಲ್ಲಿಯೇ ಹಾರಾಟದ ಅಕ್ಷರಾಭ್ಯಾಸ ಮಾಡಿದರು.

ಮಾರುತ್ ಅದಕ್ಕಿಂತ ದೊಡ್ಡ ಸಾಹಸ. ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟಾಂಕ್ ಅವರು ಬೆಂಗಳೂರಿಗೆ ಬಂದು ಭಾರತೀಯ ತಂತ್ರಜ್ಞರ ತಂಡದೊಡನೆ ಇದನ್ನು ರೂಪಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಎಂಬ ಪರೀಕ್ಷಾ ಚಾಲಕರು ಇದನ್ನು ಮೊದಲ ಬಾರಿಗೆ ಹಾರಿಸಿದರು. ಶಬ್ದದ ವೇಗವನ್ನು ಮೀರಬೇಕೆಂಬ ಗುರಿಯಿಂದ ಹುಟ್ಟಿದ ವಿಮಾನವಿದು. ಆದರೆ ಇದಕ್ಕಾಗಿ ನೆಚ್ಚಿಕೊಂಡಿದ್ದ ಬ್ರಿಟಿಷ್ ಇಂಜಿನ್ನಿನ ಅಭಿವೃದ್ಧಿ ಕಾರ್ಯ ನಡುವೆಯೇ ನಿಂತುಹೋಯಿತು. ಬೇರೆ ದಾರಿ ಕಾಣದೆ ಕಡಿಮೆ ಬಲದ ಇಂಜಿನ್ನುಗಳನ್ನೇ ಜೋಡಿಸಿದರು. ಒಡಲು ಸಮರ್ಥವಾಗಿತ್ತು, ಎದೆಯಲ್ಲಿ ಬಲವಿರಲಿಲ್ಲ. 147 ವಿಮಾನಗಳಷ್ಟೇ ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ರಂಗದಲ್ಲಿ ಅವು ಧೈರ್ಯದಿಂದ ಹೋರಾಡಿದವು. ಆದರೂ ಶಬ್ದವೇಗದ ಗುರಿ ಕೈಗೂಡಲಿಲ್ಲ.

ಆ ಬಲವನ್ನು ಹೆಚ್ಚಿಸುವ ಪ್ರಯತ್ನದಲ್ಲಿ, 1970ರ ಜನವರಿ 10ರಂದು, ಸುಧಾರಿತ ಮಾರುತ್ ಒಂದನ್ನು ಪರೀಕ್ಷಿಸುತ್ತಿದ್ದಾಗ ಅಪಘಾತವಾಗಿ ಸುರಂಜನ್ ದಾಸ್ ಅವರು ಪ್ರಾಣ ತೆತ್ತರು. ಹಳೆಯ ವಿಮಾನ ನಿಲ್ದಾಣದ ರಸ್ತೆಯಿಂದ ಹಳೆಯ ಮದರಾಸು ರಸ್ತೆಯ ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆಗೆ ಅವರದೇ ಹೆಸರು. ಆ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಅಲ್ಲಿಯೇ ನೆಲೆಸಿದ ನಮ್ಮ ಬಂಧುಗಳೂ ಇದ್ದಾರೆ. ಆ ಹೆಸರು ಯಾರದೆಂದು ನಾನು ಅವರಲ್ಲಿ ಕೇಳಿದಾಗ ಯಾರಿಗೂ ತಿಳಿದಿರಲಿಲ್ಲ. ಮಕ್ಕಳನ್ನು ಈ ಸಂಗ್ರಹಾಲಯಕ್ಕೆ ಕರೆದೊಯ್ಯುವವರು ಮರಳುವಾಗ ಆ ರಸ್ತೆಯ ಫಲಕದ ಮುಂದೆ ಒಂದು ಗಳಿಗೆ ನಿಲ್ಲಲಿ. ಮಾರುತ್ ಸೋತ ಯಂತ್ರವೆಂದು ಹೇಳುವವರಿದ್ದಾರೆ. ಆದರೆ ಮುಂದೆ ಇದೇ ನಗರದಲ್ಲಿ ತೇಜಸ್ ವಿಮಾನವನ್ನು ರೂಪಿಸಿ 2001ರಲ್ಲಿ ಹಾರಿಸಿದವರಿಗೆ ಹಿಂದಿನ ಪಾಠವಾಗಿ ಈ ಮಾರುತ್ ಕೂಡ ಇತ್ತು. ಒಡಲನ್ನು ನಾವು ಕಟ್ಟಬಹುದು, ಇಂಜಿನ್ನಿಗಾಗಿ ಪರರನ್ನು ನೆಚ್ಚಬೇಕಾದ ಕಷ್ಟ ಎಂಥದು ಎಂಬುದನ್ನು ತೇಜಸ್ ಕಟ್ಟಿದವರೂ ಅನುಭವಿಸಿದ್ದಾರೆ.

ಬಿದನೂರಿನ ಬಾವಿ

ವಿಮಾನದಿಂದ ರಾಕೆಟ್ಟಿಗೆ ಬರೋಣ. ಇದಕ್ಕಾಗಿ ಮಲೆನಾಡಿನ ಹೆಬ್ಬಾಗಿಲಾದ ಶಿವಮೊಗ್ಗೆಗೆ ಹೋಗಬೇಕು. ತುಂಗೆಯ ದಡದ ಶಿವಪ್ಪನಾಯಕನ ಅರಮನೆಯಲ್ಲಿ ಸರಕಾರಿ ವಸ್ತುಸಂಗ್ರಹಾಲಯವಿದೆ. ಶಿಲಾಶಾಸನ, ವೀರಗಲ್ಲುಗಳನ್ನು ನೋಡಲು ಹೋದವರು ಅಲ್ಲಿನ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳನ್ನು ಮರೆಯದೆ ನೋಡಬೇಕು. ಹೊಸನಗರ ತಾಲೂಕಿನ ನಗರವೆಂಬ ಊರು ಹಿಂದೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. 1763ರಲ್ಲಿ ಅದು ಹೈದರಾಲಿಯ ವಶವಾಯಿತು. ಅಲ್ಲಿಯ ಒಂದು ಪಾಳುಬಾವಿಯಲ್ಲಿ 2002ರಲ್ಲಿ ಕೆಲವು ಕೊಳವೆಗಳು ದೊರೆತಿದ್ದವು. 2018ರ ಜುಲೈನಲ್ಲಿ ಪುರಾತತ್ತ್ವ ಇಲಾಖೆಯವರು ಅಗೆಸಿದಾಗ ಒಂದು ಸಾವಿರಕ್ಕೂ ಹೆಚ್ಚು ಸಿಕ್ಕವು. ಹೆಚ್ಚುಕಡಿಮೆ ಒಂದು ಗೇಣು ಉದ್ದದ ಈ ಕೊಳವೆಗಳು ಮೈಸೂರು ಸೇನೆಯ ಯುದ್ಧರಾಕೆಟ್ಟುಗಳು.

ಬಾಣಬಿರುಸುಗಳನ್ನು ಬಲ್ಲ ದೇಶಗಳು ಹಲವಿದ್ದವು. ಆದರೆ ಕಾಗದದ ಕೊಳವೆಯಲ್ಲಿ ಮದ್ದನ್ನು ಹೆಚ್ಚು ಬಿಗಿದರೆ ಅದು ಸಿಡಿದುಹೋಗುತ್ತದೆ. ಕಬ್ಬಿಣದ ಕೊಳವೆ ಆ ಒತ್ತಡವನ್ನು ತಾಳುತ್ತದೆ. ಆದ್ದರಿಂದ ರಾಕೆಟ್ಟು ಹೆಚ್ಚು ದೂರ ಸಾಗುತ್ತದೆ. ಇಷ್ಟೇ ಅದರ ಮರ್ಮ. ಇದರ ಹಿಂದೆ ಇದ್ದುದು ನಮ್ಮ ನಾಡಿನ ಕಮ್ಮಾರರ ಕೈ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಈ ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಒಯ್ದರು. ಅವನ್ನು ಅಭ್ಯಸಿಸಿ ವಿಲಿಯಂ ಕಾಂಗ್ರೀವ್ ಎಂಬವನು ಸುಧಾರಿಸಿದ ರಾಕೆಟ್ಟುಗಳನ್ನು ಯುರೋಪಿನ ಯುದ್ಧಗಳಲ್ಲಿ ಬಳಸಿದರು. ಅಬ್ದುಲ್ ಕಲಾಂ ಅವರು 1960ರ ದಶಕದಲ್ಲಿ ತರಬೇತಿಗೆಂದು ಅಮೆರಿಕೆಯ ವಾಲಪ್ಸ್ ಕೇಂದ್ರಕ್ಕೆ ಹೋಗಿದ್ದಾಗ, ಅಲ್ಲಿನ ಗೋಡೆಯ ಮೇಲೆ ಮೈಸೂರು ಸೈನಿಕರು ರಾಕೆಟ್ ಹಾರಿಸುವ ಚಿತ್ರವನ್ನು ಕಂಡು ಬೆರಗಾದುದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ದೂರದೇಶದವರು ಗೋಡೆಯ ಮೇಲೆ ಬರೆದಿಟ್ಟುಕೊಂಡುದು ನಮ್ಮಲ್ಲಿ ಪಾಳುಬಾವಿಯ ಕೆಸರಿನಲ್ಲಿ ಮುಳುಗಿತ್ತು. ಆ ರಾಕೆಟ್ಟುಗಳನ್ನು ಬಡಿದು ಮಾಡಿದ ಕಮ್ಮಾರರಲ್ಲಿ ಒಬ್ಬನ ಹೆಸರೂ ನನಗೆ ಆ ಕೊಳವೆಗಳ ಬಳಿ ಕಾಣಲಿಲ್ಲ.

ಪ್ರಾರ್ಥನಾಮಂದಿರದಲ್ಲಿ ರಾಕೆಟ್ಟು

ಕಲಾಂ ಅವರ ಹೆಸರು ಬಂದ ಮೇಲೆ ತುಂಬಾ ಎಂಬ ಊರನ್ನು ಹೇಳದೆ ಮುಂದುವರಿಯಲಾಗದು. ತಿರುವನಂತಪುರದ ಹತ್ತಿರ ಕಡಲ ದಂಡೆಯ ಮೇಲಿದ್ದ ಮೀನುಗಾರರ ಹಳ್ಳಿ ಅದು. ಭೂಮಿಯ ಕಾಂತೀಯ ಸಮಭಾಜಕ ರೇಖೆಯು ಅದರ ಸಮೀಪದಲ್ಲಿ ಹಾಯುತ್ತದೆ. ಮೇಲಣ ವಾಯುಮಂಡಲವನ್ನು ಅಭ್ಯಸಿಸಲು ಅಂಥ ತಾಣ ಅಪೂರ್ವ. ಆದುದರಿಂದ ವಿಕ್ರಮ್ ಸಾರಾಭಾಯಿಯವರು ಅದನ್ನು ಆಯ್ದುಕೊಂಡರು. ಆದರೆ ಅಲ್ಲಿ ಸಂತ ಮೇರಿ ಮ್ಯಾಗ್ಡಲೀನಳ ಚರ್ಚು ಇತ್ತು, ಧರ್ಮಗುರುಗಳ ಮನೆಯಿತ್ತು, ಬೆಸ್ತರ ಗುಡಿಸಲುಗಳಿದ್ದವು. ಸಾರಾಭಾಯಿಯವರು ತಿರುವನಂತಪುರದ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡು ತಮ್ಮ ಬೇಡಿಕೆಯನ್ನು ತಿಳಿಸಿದರು. ಬಿಷಪ್ಪರು ತಾವೊಬ್ಬರೇ ನಿರ್ಧರಿಸದೆ, ಭಾನುವಾರದ ಪ್ರಾರ್ಥನೆಗೆ ಕೂಡಿದ ಜನರ ಮುಂದೆ ವಿಷಯವನ್ನಿಟ್ಟು ಅವರ ಒಪ್ಪಿಗೆ ಪಡೆದರೆಂದು ಕಲಾಂ ಅವರು ತಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ನೆನೆಯುತ್ತಿದ್ದರು. ಚರ್ಚಿನ ಕಟ್ಟಡವೇ ಕಾರ್ಯಾಗಾರವಾಯಿತು, ಬಿಷಪ್ಪರ ಮನೆ ಕಚೇರಿಯಾಯಿತು.

1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ಟು ಮೇಲೇರಿತು. ಅದು ಅಮೆರಿಕೆಯಿಂದ ಬಂದ ನೈಕ್-ಅಪಾಚೆ. ಅದನ್ನು ಉಡಾವಣಾ ಸ್ಥಾನಕ್ಕೆ ಏರಿಸುವಾಗ ಕೈಯಿಂದ ನಡೆಸುವ ಕ್ರೇನು ಕೈಕೊಟ್ಟಿತೆಂದೂ, ಎಲ್ಲರೂ ಸೇರಿ ಹೆಗಲುಕೊಟ್ಟು ಅದನ್ನು ನಿಲ್ಲಿಸಬೇಕಾಯಿತೆಂದೂ ಕಲಾಂ ಅವರು ಬರೆದಿದ್ದಾರೆ. ಸೈಕಲ್ಲಿನ ಹಿಂಬದಿಯಲ್ಲಿ ರಾಕೆಟ್ಟಿನ ಮೂತಿಯನ್ನಿಟ್ಟು ನೂಕಿಕೊಂಡು ಹೋಗುವ ತುಂಬಾದ ಚಿತ್ರವನ್ನು ನೀವು ನೋಡಿರಬಹುದು. ಅದರ ಜೊತೆಗಾರ ಚಿತ್ರ ಇನ್ನೊಂದಿದೆ. 1981ರಲ್ಲಿ ಹಾರಿದ ಆ್ಯಪಲ್ ಉಪಗ್ರಹವನ್ನು ಎತ್ತಿನ ಬಂಡಿಯ ಮೇಲೆ ಕೂರಿಸಿದ ಚಿತ್ರ. ಅದನ್ನು ಬಡತನದ ಗುರುತೆಂದು ನಗುವವರು ಒಂದು ಸಂಗತಿಯನ್ನು ಅರಿಯರು. ಲೋಹದ ವಾಹನವಾದರೆ ಆಂಟೆನಾ ಪರೀಕ್ಷೆಗೆ ಅಡ್ಡಿಯಾಗುತ್ತಿತ್ತು. ಕಟ್ಟಿಗೆಯ ಬಂಡಿ ಆ ಕೆಲಸಕ್ಕೆ ತಕ್ಕ ಸಾಧನವಾಗಿತ್ತು.

ಆ ಚರ್ಚು ಇಂದು ಬಾಹ್ಯಾಕಾಶ ಸಂಗ್ರಹಾಲಯ. ನಾನು ಅದನ್ನು ಹೊಕ್ಕಾಗ ಅರಿಯದೆಯೇ ಚಪ್ಪಲಿ ಬಿಡಲು ಬಾಗಿದ್ದೆ. ಎತ್ತರದ ಚಾವಣಿಯ ಕೆಳಗೆ, ಒಂದು ಕಾಲಕ್ಕೆ ಜನ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಸ್ಥಳದಲ್ಲಿ, ರಾಕೆಟ್ಟು-ಉಪಗ್ರಹಗಳ ಮಾದರಿಗಳಿವೆ. ನಮ್ಮ ದೇಶದ ಮೊದಲ ಉಪಗ್ರಹವಾದ ಆರ್ಯಭಟದ ಚರಿತ್ರೆಯೂ ನಮ್ಮ ನಾಡಿಗೆ ಸೇರಿದುದೇ. ಉಡುಪಿಯ ಬಳಿಯ ಅದಮಾರಿನವರಾದ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ತಗಡಿನ ಶೆಡ್ಡುಗಳಲ್ಲಿ ಅದನ್ನು ಕಟ್ಟಿದರು. 360 ಕಿಲೋಗ್ರಾಂ ತೂಕದ ಅದು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು.

ನಮ್ಮದೇ ರಾಕೆಟ್ಟಾದ ಎಸ್.ಎಲ್.ವಿ.-3ರ ಮೊದಲ ಉಡಾವಣೆ 1979ರ ಆಗಸ್ಟ್ 10ರಂದು ವಿಫಲವಾಯಿತು; ಅದು ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಕಲಾಂ. ಆದರೆ ಪತ್ರಕರ್ತರ ಮುಂದೆ ಕುಳಿತು ಸೋಲಿನ ಹೊಣೆಯನ್ನು ಹೊತ್ತವರು ಸಂಸ್ಥೆಯ ಅಧ್ಯಕ್ಷರಾದ ಸತೀಶ್ ಧವನ್. ಮರುವರ್ಷ 1980ರ ಜುಲೈ 18ರಂದು ಅದೇ ರಾಕೆಟ್ಟು 35 ಕಿಲೋಗ್ರಾಂನ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ ಧವನರು ಹಿಂದೆ ಸರಿದು, ಪತ್ರಕರ್ತರ ಮುಂದೆ ಮಾತನಾಡಲು ಕಲಾಂ ಅವರನ್ನು ಕಳಿಸಿದರು. ಮನೆಯ ಯಜಮಾನನಾದವನು ಹೇಗಿರಬೇಕೆಂದು ನನ್ನನ್ನು ಯಾರಾದರೂ ಕೇಳಿದರೆ ಈ ಪ್ರಸಂಗವನ್ನು ಹೇಳುತ್ತೇನೆ. 2019ರಲ್ಲಿ ಚಂದ್ರನ ಮೇಲೆ ಇಳಿಯಲಾರದೆ ಬಿದ್ದವರು 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಮೂಲಕ ಅಲ್ಲಿ ಇಳಿದುದೂ ಈ ಪರಂಪರೆಯ ಮುಂದುವರಿಕೆಯೇ.

ದೂರದ ಒಂದು ಮನೆ

ಈ ಪತ್ರಿಕೆಯನ್ನು ಓದುವ ಹಲವು ಮನೆಗಳ ಮಕ್ಕಳು ಅಮೆರಿಕೆಯಲ್ಲಿದ್ದಾರೆ. ಮಗ-ಸೊಸೆ, ಮಗಳು-ಅಳಿಯಂದಿರನ್ನು ಕಾಣಲು ಹಿರಿಯರು ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಇರುತ್ತಾರೆ. ಅಂಥವರಿಗೆ ವಾಷಿಂಗ್‌ಟನ್ ನಗರದ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯವನ್ನು ಸೂಚಿಸುತ್ತೇನೆ. ನಾನು ಅದನ್ನು ಕಂಡಿಲ್ಲ, ಓದಿ ಬಲ್ಲೆ. 1976ರ ಜುಲೈ 1ರಂದು ಅದರ ಈಗಿನ ಕಟ್ಟಡ ತೆರೆಯಿತು. 2018ರಿಂದ ನವೀಕರಣ ನಡೆದು, 2022ರಿಂದ ಹಂತಹಂತವಾಗಿ ವಿಭಾಗಗಳು ಮತ್ತೆ ತೆರೆದಿವೆ. ಪ್ರವೇಶಕ್ಕೆ ಹಣವಿಲ್ಲ. 1969ರಲ್ಲಿ ಚಂದ್ರಯಾತ್ರೆ ಮಾಡಿದ ಮೂವರನ್ನು ಮರಳಿ ಭೂಮಿಗೆ ತಂದ ಕೊಲಂಬಿಯಾ ಎಂಬ ನೌಕೆ ಅಲ್ಲಿದೆ. ರೈಟ್ ಸಹೋದರರ ಮೂಲ ವಿಮಾನವೂ ಅಲ್ಲಿಯೇ ಇದೆ.

ಆ ವಿಮಾನ ಅಲ್ಲಿಗೆ ಬಂದ ಬಗೆಯನ್ನು ಅರಿತು ನೋಡಬೇಕು. ಆ ಸಂಗ್ರಹಾಲಯವನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಗೆ ಹಿಂದೆ ಲ್ಯಾಂಗ್ಲಿ ಎಂಬ ವಿದ್ವಾಂಸರು ಮುಖ್ಯಸ್ಥರಾಗಿದ್ದರು. ಅವರು ಕಟ್ಟಿಸಿದ ವಿಮಾನವು 1903ರಲ್ಲಿ ಎರಡು ಸಲ ನದಿಗೆ ಬಿತ್ತು. ಆದರೂ ಆ ಸಂಸ್ಥೆಯು, ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನ ಲ್ಯಾಂಗ್ಲಿಯವರದೇ ಎಂದು ಫಲಕ ಹಾಕಿ ಪ್ರದರ್ಶಿಸಿತು. 1914ರಲ್ಲಿ ಅದಕ್ಕೆ ಹಲವು ಮಾರ್ಪಾಡು ಮಾಡಿ ಹಾರಿಸಿದ್ದನ್ನು ಆಧಾರವಾಗಿಟ್ಟುಕೊಂಡಿತು. ನೊಂದ ಆರ್ವಿಲ್ ರೈಟ್ 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಕಳಿಸಿಬಿಟ್ಟರು. ಕೊನೆಗೆ 1942ರಲ್ಲಿ ಸ್ಮಿತ್ಸೋನಿಯನ್ ತನ್ನ ಹಿಂದಿನ ಹೇಳಿಕೆಯನ್ನು ಬಹಿರಂಗವಾಗಿ ಹಿಂದಕ್ಕೆ ತೆಗೆದುಕೊಂಡಿತು. ವಿಮಾನವು 1948ರ ಡಿಸೆಂಬರ್ 17ರಂದು ವಾಷಿಂಗ್‌ಟನ್ನಿನಲ್ಲಿ ನೆಲೆಗೊಂಡಿತು. ಆ ದಿನವನ್ನು ಕಾಣಲು ಆರ್ವಿಲ್ ಬದುಕಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.

ದೊಡ್ಡ ಸಂಸ್ಥೆಯೊಂದು "ನಾವು ಹೇಳಿದ್ದು ಸರಿಯಲ್ಲ" ಎನ್ನಲು ಇಷ್ಟು ವರ್ಷ ತೆಗೆದುಕೊಂಡಿತು. ಇದನ್ನು ಓದಿದಾಗ ನನಗೆ ನಮ್ಮ ಮಾಳಿಗೆಯ ಆ ಸಂಜೆ ನೆನಪಾಯಿತು. ಹಿರಿತನಕ್ಕೆ ತಪ್ಪೊಪ್ಪಿಗೆ ಎಷ್ಟು ಭಾರವೆಂದು ನಾನು ಬಲ್ಲೆ. ಆದರೆ ತಡಮಾಡಿದರೆ ಯಾರಿಗೆ ಆ ಮಾತು ಸಲ್ಲಬೇಕೋ ಅವರು ಕೇಳಲು ಇಲ್ಲದೆ ಹೋಗಬಹುದು. ಇಲ್ಲವೆ ಕೇಳುವುದನ್ನೇ ಬಿಟ್ಟಿರಬಹುದು.

ನೋಡುವ ಕ್ರಮ

ಇನ್ನು ಅನುಭವದಿಂದ ಕಂಡುಕೊಂಡ ಕೆಲವು ಸೂಚನೆಗಳು. ಹೊರಡುವ ಮುನ್ನ ವಾರದ ರಜೆ ಯಾವ ದಿನ, ತೆರೆದಿರುವ ವೇಳೆ ಯಾವುದು ಎಂಬುದನ್ನು ವಿಚಾರಿಸಿ ತಿಳಿಯಿರಿ. ತುಂಬಾದಂಥ ಕಾವಲಿನ ಸ್ಥಳಕ್ಕೆ ಹೋಗುವಾಗ ಗುರುತಿನ ಚೀಟಿಯನ್ನು ಇಟ್ಟುಕೊಂಡಿರಿ. ಮದುವೆಗೆ ಬಂದವರು ಊಟಕ್ಕೆ ಮುಂಚೆ ಒಂದು ಗಂಟೆ ನೋಡಿ ಬರೋಣವೆಂದರೆ ಕಾಲು ನೋಯುವುದೇ ಲಾಭ. ಎಲ್ಲವನ್ನೂ ನೋಡುವ ಆಸೆಯನ್ನು ಬಿಡಿ. ಎರಡು ವಿಭಾಗಗಳನ್ನು ಆರಿಸಿಕೊಂಡು ನಿಧಾನವಾಗಿ ನೋಡಿ. ಮಗು ಒಂದು ಯಂತ್ರದ ಮುಂದೆ ಅರ್ಧ ಗಂಟೆ ನಿಂತರೆ ನಿಲ್ಲಲು ಬಿಡಿ, ಕೈಹಿಡಿದು ಎಳೆಯಬೇಡಿ. ಅದರ ಕೈಯಲ್ಲಿ ಒಂದು ನೋಟುಬುಕ್ಕು ಕೊಟ್ಟು, ತಿಳಿಯದ್ದನ್ನು ಬರೆದುಕೊಳ್ಳಲು ಹೇಳಿ.

ಇನ್ನೊಂದು ಮಾತನ್ನು ತಾಯಿತಂದೆಯರಲ್ಲಿ ವಿಶೇಷವಾಗಿ ಅರಿಕೆ ಮಾಡುತ್ತೇನೆ. ಯಂತ್ರ ನೋಡುವುದು ಗಂಡುಮಕ್ಕಳಿಗೆಂದು ಬಗೆದು, ಹೆಣ್ಣುಮಕ್ಕಳನ್ನು ಉದ್ಯಾನದ ಬೆಂಚಿನ ಮೇಲೆ ಚೀಲ ಕಾಯಲು ಕೂರಿಸಿದ್ದನ್ನು ಕಬ್ಬನ್ ಉದ್ಯಾನದ ಹತ್ತಿರ ನಾನು ಕಣ್ಣಾರೆ ಕಂಡೆ. ಹಾಗೆ ಮಾಡಬೇಡಿ. ಚೀಲವನ್ನು ಅಜ್ಜಂದಿರು ಕಾಯಬಲ್ಲರು.

ನಮ್ಮ ಕೂಸಿನ ನೋಟುಬುಕ್ಕಿನಲ್ಲಿ ಆ ದಿನ ಏಳು ಪ್ರಶ್ನೆಗಳಿದ್ದವು. ಮೂರಕ್ಕೆ ಅಲ್ಲಿಯೇ ಉತ್ತರ ದೊರೆಯಿತು. ಒಂದಕ್ಕೆ ಅವಳ ಶಾಲೆಯ ಗುರುಗಳು ವಿವರಿಸಿದರು. ಉಳಿದವು ಹಾಗೆಯೇ ಇವೆ. ಮೊನ್ನೆ ದೂರವಾಣಿಯಲ್ಲಿ ಮಾತನಾಡುತ್ತ, "ಅಜ್ಜಾ, ಚಂದ್ರನ ಮ್ಯಾಲೆ ಗಾಳೀನ ಇಲ್ಲ ಅಂದ್ರ ಅಲ್ಲಿ ರೆಕ್ಕಿ ಇದ್ರೂ ಉಪಯೋಗಿಲ್ಲ, ಹೌದಲ್ಲೋ? ಹಂಗಾದ್ರ ಅಲ್ಲಿ ಇಳಿಯೂದು ಹೆಂಗ?" ಎಂದು ಕೇಳಿದಳು. ನಾನು ಈ ಸಲ ಅವಸರ ಮಾಡಲಿಲ್ಲ. "ನನಗ ಗೊತ್ತಿಲ್ಲವ್ವಾ. ಬರೆದಿಟ್ಕೋ, ದಸರಾ ರಜಾದಾಗ ಹೋಗಿ ಕೇಳೂಣು" ಎಂದೆ.